ಟಾಮ್ ವಿಲ್ಸ್

ಥಾಮಸ್ ವೆಂಟ್‌ವರ್ತ್ ವಿಲ್ಸ್ (19 ಆಗಸ್ಟ್ 1835 – 2 ಮೇ 1880) ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯಾದ ಪ್ರಸಿದ್ಧ ಕ್ರಿಕೆಟ್ ಆಟಗಾರರು ಹಾಗೂ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟದ ಸ್ಥಾಪಕರಲ್ಲಿ ಪ್ರಮುಖರು. ಟಾಮ್ ವಿಲ್ಸ್ ಎಂಬ ಹೆಸರಿನಿಂದಲೇ ಇವರು ಪರಿಚಿತರು. ವಿಕ್ಟೋರಿಯ ವಸಾಹತಿನ ಕ್ರಿಕೆಟ್ ತಂಡಕ್ಕೆ ನಾಯಕರಾಗಿದ್ದ ಇವರು 1858ರಲ್ಲಿ ಮೆಲ್ಬರ್ನ್ ನಗರದಲ್ಲಿ ಫುಟ್‌ಬಾಲ್ ಕ್ಲಬ್ ಸ್ಥಾಪಿಸಬೇಕೆಂದು ಪತ್ರಿಕೆಯ ಮೂಲಕ ಕರೆಕೊಟ್ಟರು. ಮರುವರ್ಷ ಆ ಆಟದ ಮೊದಲ ನಿಯಮಗಳನ್ನು ರೂಪಿಸಿದ ನಾಲ್ವರಲ್ಲಿ ಒಬ್ಬರಾದರು. 1861ರಲ್ಲಿ ಇವರ ತಂದೆ ಮೂಲನಿವಾಸಿಗಳ ದಾಳಿಯಲ್ಲಿ ಹತರಾದರು. ಅದಾದ ಐದು ವರ್ಷಗಳಲ್ಲಿ ಮೂಲನಿವಾಸಿಗಳದೇ ಒಂದು ಕ್ರಿಕೆಟ್ ತಂಡಕ್ಕೆ ಇವರು ತರಬೇತುದಾರರೂ ನಾಯಕರೂ ಆದರು. ಈ ಎರಡು ಸಂಗತಿಗಳು ಒಂದೇ ಬಾಳಿನಲ್ಲಿ ಕೂಡಿಬಂದಿರುವುದರಿಂದ ವಿಲ್ಸ್ ಅವರ ಚರಿತ್ರೆ ಕ್ರೀಡೆಯ ಎಲ್ಲೆಯನ್ನು ಮೀರಿ, ಆಸ್ಟ್ರೇಲಿಯಾದ ವಸಾಹತು ಇತಿಹಾಸದ ಚರ್ಚೆಗಳಲ್ಲಿಯೂ ಪದೇ ಪದೇ ಪ್ರಸ್ತಾಪವಾಗುತ್ತದೆ.

ವಂಶ ಮತ್ತು ಬಾಲ್ಯ

ವಿಲ್ಸ್ ಅವರು ನ್ಯೂ ಸೌತ್ ವೇಲ್ಸ್ ವಸಾಹತಿನ ಮೊಲೊಂಗ್ಲೊ ಬಯಲಿನಲ್ಲಿ ಜನಿಸಿದರು. ಈ ಸ್ಥಳ ಇಂದಿನ ರಾಜಧಾನಿ ಕ್ಯಾನ್‌ಬೆರಾಕ್ಕೆ ಸಮೀಪದಲ್ಲಿದೆ. ಅಜ್ಜ ಎಡ್ವರ್ಡ್ ವಿಲ್ಸ್ ದರೋಡೆಯ ಅಪರಾಧಕ್ಕಾಗಿ ಇಂಗ್ಲೆಂಡಿನಿಂದ ಗಡೀಪಾರಾಗಿ 1799ರಲ್ಲಿ ಸಿಡ್ನಿಗೆ ಬಂದವರು. ಮುಂದೆ ಬಿಡುಗಡೆ ಹೊಂದಿ ವ್ಯಾಪಾರದಲ್ಲಿ ಏಳಿಗೆ ಕಂಡರು. ತಂದೆ ಹೊರೇಶಿಯೊ ವಿಲ್ಸ್ ಸಿಡ್ನಿ ಗೆಜೆಟ್ ಪತ್ರಿಕೆಯ ಮುದ್ರಣಾಲಯದಲ್ಲಿ ಬೆಳೆದು, ಅದರ ಸಂಪಾದಕರಾಗಿ, ಬಳಿಕ ಕುರಿ ಸಾಕಣೆಯಿಂದ ಸಿರಿವಂತರಾದರು. ತಾಯಿ ಎಲಿಜಬೆತ್ ಕೂಡ ಗಡೀಪಾರಾದ ಕೈದಿಗಳ ಮಗಳು. ಕೈದಿಗಳ ವಂಶದವರೆಂಬ ಕಳಂಕವನ್ನು ತೊಡೆದುಹಾಕಿ ಮಕ್ಕಳನ್ನು ಕುಲೀನ ಸಮಾಜದಲ್ಲಿ ನಿಲ್ಲಿಸಬೇಕೆಂಬುದು ಹೊರೇಶಿಯೊ ಅವರ ಹಂಬಲವಾಗಿತ್ತು. ಒಂಬತ್ತು ಮಕ್ಕಳಲ್ಲಿ ಹಿರಿಯನಾದ ಟಾಮ್‌ನ ಮೇಲೆ ಆ ಹಂಬಲದ ಭಾರ ಹೆಚ್ಚಾಗಿಯೇ ಬಿದ್ದಿತು.

1840ರ ಸುಮಾರಿಗೆ ಕುಟುಂಬವು ಇಂದಿನ ವಿಕ್ಟೋರಿಯ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಗ್ರಾಂಪಿಯನ್ಸ್ ಬೆಟ್ಟಸಾಲಿನ ಬಳಿಗೆ ವಲಸೆ ಹೋಗಿ, ಲೆಕ್ಸಿಂಗ್ಟನ್ ಎಂಬ ಹೆಸರಿನ ವಿಸ್ತಾರವಾದ ಕುರಿ ಸಾಕಣೆಯ ನೆಲೆಯನ್ನು ಸ್ಥಾಪಿಸಿತು. ಅದು ಜಾಬ್ ವುರುಂಗ್ ಎಂಬ ಮೂಲನಿವಾಸಿ ಜನರ ನಾಡು. ಸುತ್ತಮುತ್ತ ಬಿಳಿಯರ ಮಕ್ಕಳು ವಿರಳವಾಗಿದ್ದುದರಿಂದ ಬಾಲಕ ಟಾಮ್ ಜಾಬ್ ವುರುಂಗ್ ಮಕ್ಕಳೊಂದಿಗೆ ಆಡಿ ಬೆಳೆದನು. ಅವರ ಭಾಷೆಯನ್ನು ಮಾತನಾಡಲು, ಹಾಡುಗಳನ್ನು ಹಾಡಲು, ನೃತ್ಯಗಳನ್ನು ಅನುಕರಿಸಲು ಕಲಿತನು. ಆ ಕಾಲದ ವಲಸಿಗರ ಮಕ್ಕಳಲ್ಲಿ ಇದು ಅಪರೂಪದ ಸಂಗತಿ. ಆದರೆ ಅದೇ ವರ್ಷಗಳಲ್ಲಿ ಅದೇ ಪ್ರದೇಶದಲ್ಲಿ ಹುಲ್ಲುಗಾವಲಿಗಾಗಿ ವಲಸಿಗರಿಗೂ ಮೂಲನಿವಾಸಿಗಳಿಗೂ ನಡುವೆ ರಕ್ತಪಾತವೂ ನಡೆಯುತ್ತಿತ್ತು.

ಇಂಗ್ಲೆಂಡಿನ ವಿದ್ಯಾಭ್ಯಾಸ

ಮೆಲ್ಬರ್ನ್ ನಗರದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿದ ಟಾಮ್‌ನನ್ನು 1850ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಲಾಯಿತು. ಮಗ ವಕೀಲನಾಗಿ ಮರಳಬೇಕೆಂಬುದು ತಂದೆಯ ಇಚ್ಛೆ. ಆದರೆ ಹುಡುಗನ ಮನಸ್ಸು ನೆಲೆಗೊಂಡದ್ದು ಆಟದ ಮೈದಾನದಲ್ಲಿ. ಶಾಲೆಯ ಕ್ರಿಕೆಟ್ ತಂಡದಲ್ಲಿ ಬೌಲರ್ ಆಗಿ ಹೆಸರು ಮಾಡಿ 1855ರಲ್ಲಿ ಅದರ ನಾಯಕರಾದರು.

ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಎಂಬುದು ಒಂದೇ ಆಟವಾಗಿರಲಿಲ್ಲ. ಈಟನ್, ಹ್ಯಾರೋ, ವಿಂಚೆಸ್ಟರ್, ರಗ್ಬಿ ಮೊದಲಾದ ಶಾಲೆಗಳು ತಮ್ಮ ತಮ್ಮ ನಿಯಮಗಳಂತೆ ಆಡುತ್ತಿದ್ದವು. ರಗ್ಬಿ ಶಾಲೆಯು 1845ರಲ್ಲಿಯೇ ತನ್ನ ನಿಯಮಗಳನ್ನು ಬರವಣಿಗೆಯಲ್ಲಿ ಇರಿಸಿತ್ತು. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದಾಗಿತ್ತು. ಎದುರಾಳಿಯ ಕಣಕಾಲಿಗೆ ಒದೆಯುವುದೂ ನಿಯಮಬದ್ಧವಾಗಿತ್ತು. ವಿಲ್ಸ್ ಈ ಒರಟು ಆಟದಲ್ಲಿ ಪಳಗಿದರು.

ಶಾಲೆಯನ್ನು ಬಿಟ್ಟ ಮೇಲೆ ಕೆಂಟ್ ಹಾಗೂ ಲಂಡನ್ನಿನ ಮೇರಿಲಿಬೋನ್ ಕ್ರಿಕೆಟ್ ಕ್ಲಬ್ಬಿನ ಪರವಾಗಿ ಆಡಿದರು. 1856ರಲ್ಲಿ ಆಕ್ಸ್‌ಫರ್ಡ್ ವಿರುದ್ಧದ ಪಂದ್ಯದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡಕ್ಕಾಗಿ ಕಣಕ್ಕಿಳಿದರು. ಆದರೆ ಅವರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ತರಗತಿಗೆ ಸೇರಿದವರೇ ಅಲ್ಲ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಪದವಿಯಿಲ್ಲದೆ, ಕ್ರಿಕೆಟ್ ಆಟಗಾರನೆಂಬ ಕೀರ್ತಿಯೊಂದಿಗೆ ಮೆಲ್ಬರ್ನ್‌ಗೆ ಹಿಂದಿರುಗಿದರು.

ವಿಕ್ಟೋರಿಯದ ಕ್ರಿಕೆಟ್ ನಾಯಕ

ವಿಲ್ಸ್ ಬಿಟ್ಟುಹೋಗಿದ್ದ ಊರಿಗೂ ಮರಳಿ ಕಂಡ ಊರಿಗೂ ಹೋಲಿಕೆಯೇ ಇರಲಿಲ್ಲ. 1851ರಲ್ಲಿ ವಿಕ್ಟೋರಿಯದಲ್ಲಿ ಚಿನ್ನ ದೊರೆತಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ದೊಡ್ಡ ಪ್ರಮಾಣದ ಕೆಲಸ ಆರಂಭವಾಗುವುದಕ್ಕೆ ಸುಮಾರು ಮೂರು ದಶಕಗಳ ಮೊದಲೇ ಅಲ್ಲಿನ ಚಿನ್ನವು ಮೆಲ್ಬರ್ನ್ ಪಟ್ಟಣವನ್ನು ಸಿರಿವಂತ ನಗರವನ್ನಾಗಿಸಿತ್ತು. ಹೊಸದಾಗಿ ಬಂದ ಜನರಿಗೆ ಕ್ರಿಕೆಟ್ ದೊಡ್ಡ ಮನರಂಜನೆಯಾಗಿತ್ತು. ನ್ಯೂ ಸೌತ್ ವೇಲ್ಸ್ ವಿರುದ್ಧದ ವಾರ್ಷಿಕ ಪಂದ್ಯವು ವಸಾಹತಿನ ಮಾನದ ಪ್ರಶ್ನೆಯಾಗಿತ್ತು.

1858ರ ಜನವರಿಯಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನಡೆದ ಅಂತಹ ಪಂದ್ಯದಲ್ಲಿ ವಿಲ್ಸ್ ಅವರ ನಾಯಕತ್ವದಲ್ಲಿ ವಿಕ್ಟೋರಿಯ ಜಯ ಗಳಿಸಿತು. ಬ್ಯಾಟಿಂಗ್, ಬೌಲಿಂಗ್ ಎರಡರಲ್ಲಿಯೂ ಅವರೇ ಮುಂದಿದ್ದರು. ಕೆಲಕಾಲ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದರೂ ಲೆಕ್ಕಪತ್ರಗಳನ್ನು ಅಸ್ತವ್ಯಸ್ತವಾಗಿ ಬಿಟ್ಟು ಆ ಹುದ್ದೆಯಿಂದ ಹೊರಬಂದರು. ಕ್ಲಬ್ಬಿನ ಗಣ್ಯರೊಂದಿಗೆ ಅವರ ಸಂಬಂಧ ಆಗಿನಿಂದಲೇ ಕೆಟ್ಟಿತು. ಕುಲೀನರು ಹಣಕ್ಕಾಗಿ ಆಡಬಾರದೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ವಿಲ್ಸ್ ಅವರು ವೃತ್ತಿಪರ ಆಟಗಾರರೊಂದಿಗೆ ಸಲುಗೆಯಿಂದಿದ್ದುದೂ ಇದಕ್ಕೆ ಒಂದು ಕಾರಣ.

ಫುಟ್‌ಬಾಲ್ ನಿಯಮಗಳ ರಚನೆ

1858ರ ಜುಲೈ 10ರಂದು ಬೆಲ್ಸ್ ಲೈಫ್ ಇನ್ ವಿಕ್ಟೋರಿಯ ಎಂಬ ಕ್ರೀಡಾ ಪತ್ರಿಕೆಯಲ್ಲಿ ವಿಲ್ಸ್ ಅವರ ಪತ್ರವೊಂದು ಪ್ರಕಟವಾಯಿತು. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟದಂತೆ ನೋಡಿಕೊಳ್ಳಲು ಫುಟ್‌ಬಾಲ್ ಕ್ಲಬ್ಬೊಂದನ್ನು ಸ್ಥಾಪಿಸಿ, ನಿಯಮಗಳನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಬೇಕೆಂಬುದು ಅದರ ಸಾರಾಂಶ. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಕೊನೆಗೊಂಡ ವರ್ಷವೂ ಇದೇ.

ಆ ತಿಂಗಳ ಕೊನೆಯ ದಿನ ಮೆಲ್ಬರ್ನ್ ಕ್ರಿಕೆಟ್ ಮೈದಾನದ ಪಕ್ಕದ ರಿಚ್ಮಂಡ್ ಬಯಲಿನಲ್ಲಿ ಆಸಕ್ತರು ಸೇರಿ ಆಡಿದರು. ಆಗಸ್ಟ್ 7ರಂದು ಅದೇ ಬಯಲಿನಲ್ಲಿ ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಪಂದ್ಯ ಆರಂಭವಾಯಿತು. ಪ್ರತಿ ತಂಡದಲ್ಲಿ 40 ಆಟಗಾರರು. ವಿಲ್ಸ್ ಹಾಗೂ ಡಾ. ಜಾನ್ ಮೆಕ್ಯಾಡಮ್ ತೀರ್ಪುಗಾರರಾಗಿದ್ದರು. ಮೆಕಡೇಮಿಯ ಎಂಬ ಬೀಜಕ್ಕೆ ಹೆಸರು ಬಂದಿರುವುದು ಇದೇ ಮೆಕ್ಯಾಡಮ್ ಅವರಿಂದ. ಮೂರು ಬೇರೆ ಬೇರೆ ದಿನಗಳಲ್ಲಿ ಮುಂದುವರಿದ ಪಂದ್ಯ ತಲಾ ಒಂದು ಗೋಲಿನೊಂದಿಗೆ ಸಮವಾಯಿತು. ಈ ಎರಡು ಶಾಲೆಗಳು ಅದರ ನೆನಪಿನಲ್ಲಿ ಇಂದಿಗೂ ಪ್ರತಿವರ್ಷ ಆಡುತ್ತವೆ.

1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ರೂಪುಗೊಂಡಿತು. ಅದರ ಸಮಿತಿಯು ಮೇ 17ರಂದು ಹೋಟೆಲೊಂದರಲ್ಲಿ ಸೇರಿ ಹತ್ತು ನಿಯಮಗಳನ್ನು ಬರೆಯಿತು. ವಿಲ್ಸ್ ಅವರೊಂದಿಗೆ ಇದ್ದವರು ಪತ್ರಕರ್ತರಾದ ವಿಲಿಯಂ ಹ್ಯಾಮರ್ಸ್ಲಿ, ಜೇಮ್ಸ್ ಥಾಂಪ್ಸನ್ ಮತ್ತು ಶಾಲಾ ಅಧ್ಯಾಪಕ ಥಾಮಸ್ ಸ್ಮಿತ್. ಇಂಗ್ಲೆಂಡಿನ ನಾಲ್ಕು ಶಾಲೆಗಳ ನಿಯಮಗಳನ್ನು ಮುಂದಿಟ್ಟುಕೊಂಡು ಚರ್ಚೆ ನಡೆಯಿತು. ವಿಲ್ಸ್ ರಗ್ಬಿ ಶಾಲೆಯ ಪದ್ಧತಿಯತ್ತ ಒಲವು ತೋರಿದರು. ಉಳಿದವರು ಅದನ್ನು ತೊಡಕಿನದೆಂದೂ, ದುಡಿದು ಬದುಕುವ ವಯಸ್ಕರಿಗೆ ಅಪಾಯಕರವೆಂದೂ ಭಾವಿಸಿದರು. ಮೆಲ್ಬರ್ನಿನ ಗಟ್ಟಿ ನೆಲವೂ ಬೀಳಿಸಿ ಕೆಡಹುವ ಆಟಕ್ಕೆ ಒಗ್ಗುವಂತಿರಲಿಲ್ಲ.

ಕೊನೆಗೆ ಬಂದ ನಿಯಮಗಳು ಒಂದು ಹೊಂದಾಣಿಕೆಯ ಫಲ. ಎದುರಾಳಿಯ ಕಾಲಿಗೆ ಒದೆಯುವುದನ್ನು ನಿಷೇಧಿಸಲಾಯಿತು. ಒದ್ದ ಚೆಂಡನ್ನು ನೇರವಾಗಿ ಹಿಡಿದ ಆಟಗಾರನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ ನೀಡಲಾಯಿತು. ಮಾರ್ಕ್ ಎಂದು ಕರೆಯಲಾಗುವ ಈ ಹಿಡಿತವೇ ಇಂದಿಗೂ ಈ ಆಟದ ವಿಶೇಷ ಆಕರ್ಷಣೆ. ಚೆಂಡನ್ನು ಎಸೆಯುವಂತಿರಲಿಲ್ಲ. ರಗ್ಬಿಯಲ್ಲಿಯೂ ಇಂದಿನ ಸಾಮಾನ್ಯ ಫುಟ್‌ಬಾಲಿನಲ್ಲಿಯೂ ಇರುವ ಆಫ್‌ಸೈಡ್ ನಿಯಮ ಇದರಲ್ಲಿ ಸೇರಲಿಲ್ಲ. ಇದರಿಂದ ಆಟಗಾರರು ಮೈದಾನದ ಯಾವ ಭಾಗದಲ್ಲಿ ಬೇಕಾದರೂ ನಿಲ್ಲಲು ಸಾಧ್ಯವಾಯಿತು. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ನಿಯಮಗಳನ್ನು ಪ್ರಕಟಿಸಿದ್ದು 1863ರಲ್ಲಿ. ಮೆಲ್ಬರ್ನಿನ ನಿಯಮಗಳು ಅದಕ್ಕಿಂತ ನಾಲ್ಕು ವರ್ಷ ಹಳೆಯವು.

ಸಮಿತಿಯಲ್ಲಿ ತಮ್ಮ ಎಲ್ಲ ಸಲಹೆಗಳಿಗೆ ಒಪ್ಪಿಗೆ ದೊರೆಯದಿದ್ದರೂ ವಿಲ್ಸ್ ಅವರು ಮೈದಾನದಲ್ಲಿ ತಮ್ಮ ಪ್ರಯೋಗಗಳನ್ನು ಮುಂದುವರಿಸಿದರು. ದುಂಡಗಿನ ಚೆಂಡಿಗೆ ಬದಲಾಗಿ ರಗ್ಬಿಯ ಅಂಡಾಕಾರದ ಚೆಂಡನ್ನು 1860ರಲ್ಲಿ ಬಳಕೆಗೆ ತಂದರು. ಕ್ರಮೇಣ ಅದೇ ರೂಢಿಯಾಯಿತು. ಇವರ ಸೋದರಸಂಬಂಧಿಯೂ ತಂಗಿ ಎಮಿಲಿಯ ಪತಿಯೂ ಆದ ಎಚ್. ಸಿ. ಎ. ಹ್ಯಾರಿಸನ್ 1866ರಲ್ಲಿ ನಿಯಮಗಳ ಪರಿಷ್ಕರಣೆಯ ನೇತೃತ್ವ ವಹಿಸಿದರು. ಆಟದ ಪಿತಾಮಹ ಎಂಬ ಬಿರುದು ದೀರ್ಘಕಾಲ ಸಂದದ್ದು, ನೀಳಾಯುಷ್ಯ ಪಡೆದ, ಶಿಸ್ತಿನ ಸರ್ಕಾರಿ ಅಧಿಕಾರಿಯಾಗಿದ್ದ ಈ ಹ್ಯಾರಿಸನ್ ಅವರಿಗೆ.

ಕಲಿನ್-ಲಾ-ರಿಂಗೊ ದುರಂತ

1861ರ ಆರಂಭದಲ್ಲಿ ವಿಲ್ಸ್ ತಂದೆಯ ಆಣತಿಯಂತೆ ಆಟವನ್ನು ಬಿಟ್ಟು ಕ್ವೀನ್ಸ್‌ಲ್ಯಾಂಡ್‌ಗೆ ಹೊರಟರು. ಹೊರೇಶಿಯೊ ಅಲ್ಲಿ ಕಲಿನ್-ಲಾ-ರಿಂಗೊ ಎಂಬ ಹೊಸ ನೆಲೆಯನ್ನು ಪಡೆದಿದ್ದರು. ಸುಮಾರು 10,000 ಕುರಿಗಳು, ಬಂಡಿಗಳು ಹಾಗೂ ಕೆಲಸಗಾರರ ಕುಟುಂಬಗಳೊಂದಿಗೆ ತಿಂಗಳುಗಟ್ಟಲೆ ನಡೆದು ಅವರು ಅಕ್ಟೋಬರ್ ತಿಂಗಳಲ್ಲಿ ಸ್ಪ್ರಿಂಗ್‌ಶೂರ್ ಸಮೀಪದ ಆ ಸ್ಥಳವನ್ನು ಸೇರಿದರು. ಅದು ಗಯಿರಿ ಜನರ ನಾಡು.

ಹೊರೇಶಿಯೊ ಮೂಲನಿವಾಸಿಗಳನ್ನು ತಮ್ಮ ಬಿಡಾರದ ಬಳಿಗೆ ಬರಲು ಬಿಟ್ಟಿದ್ದರು. ಅಪಾಯದ ಶಂಕೆ ಅವರಿಗಿರಲಿಲ್ಲ. ಅಕ್ಟೋಬರ್ 17ರ ಮಧ್ಯಾಹ್ನ ಗಯಿರಿಗಳು ಹಠಾತ್ತಾಗಿ ದಾಳಿ ನಡೆಸಿ ಹೊರೇಶಿಯೊ ಅವರೂ ಸೇರಿದಂತೆ ಗಂಡಸರು, ಹೆಂಗಸರು, ಮಕ್ಕಳು ಹೀಗೆ 19 ಮಂದಿಯನ್ನು ಕೊಂದರು. ಸರಕು ತರಲು ಇಬ್ಬರು ಕೆಲಸಗಾರರೊಂದಿಗೆ ಹೋಗಿದ್ದುದರಿಂದ ಟಾಮ್ ವಿಲ್ಸ್ ಬದುಕುಳಿದರು. ಆಸ್ಟ್ರೇಲಿಯಾದ ಇತಿಹಾಸದಲ್ಲಿ ಮೂಲನಿವಾಸಿಗಳಿಂದ ಒಂದೇ ಘಟನೆಯಲ್ಲಿ ಇಷ್ಟು ಸಂಖ್ಯೆಯ ವಲಸಿಗರು ಹತರಾದ ಬೇರೆ ಉದಾಹರಣೆಯಿಲ್ಲ.

ದಾಳಿಗೆ ಕಾರಣ ಬೇರೆಡೆ ಇತ್ತು. ನೆರೆಯ ನೆಲೆಯ ಮೇಲ್ವಿಚಾರಕ ಜೆಸ್ಸಿ ಗ್ರೆಗ್ಸನ್ ಕುರಿ ಕದ್ದರೆಂಬ ಆರೋಪದ ಮೇಲೆ ಸ್ಥಳೀಯ ಪೊಲೀಸ್ ಪಡೆಯೊಂದಿಗೆ ಸೇರಿ ಗಯಿರಿಗಳ ಮೇಲೆ ಗುಂಡು ಹಾರಿಸಿದ್ದನು. ಅದರ ಸೇಡು ತಪ್ಪು ಬಿಡಾರದ ಮೇಲೆ ಬಿದ್ದಿತು. ವಿಲ್ಸ್ ಕುಟುಂಬದವರು ಮುಂದೆ ಬರೆದಿಟ್ಟ ನೆನಪುಗಳಲ್ಲಿಯೂ ಇದೇ ಕಾರಣವನ್ನು ಹೇಳಿದ್ದಾರೆ. ಬಳಿಕ ಪೊಲೀಸ್ ಪಡೆ ಮತ್ತು ವಲಸಿಗರು ವಾರಗಟ್ಟಲೆ ನಡೆಸಿದ ಪ್ರತೀಕಾರದಲ್ಲಿ ಸತ್ತ ಮೂಲನಿವಾಸಿಗಳ ಸಂಖ್ಯೆ 370ರವರೆಗೂ ಇರಬಹುದೆಂದು ಅಂದಾಜಿಸಲಾಗಿದೆ.

ಈ ಪ್ರತೀಕಾರದಲ್ಲಿ ಟಾಮ್ ವಿಲ್ಸ್ ಸ್ವತಃ ಪಾಲ್ಗೊಂಡಿದ್ದರೇ ಎಂಬುದು ವಿವಾದಿತ ಪ್ರಶ್ನೆ. ಅವರು ಪಾಲ್ಗೊಂಡಿದ್ದರೆಂದು ಹೇಳುವ, 1895ರಲ್ಲಿ ಶಿಕಾಗೋ ಪತ್ರಿಕೆಯೊಂದರಲ್ಲಿ ಅಚ್ಚಾದ ಬರಹವೊಂದು 2021ರಲ್ಲಿ ಬೆಳಕಿಗೆ ಬಂದಿತು. ಅದು ವಿಲ್ಸ್ ನಿಧನರಾಗಿ ಹದಿನೈದು ವರ್ಷಗಳಾದ ಮೇಲೆ ಪ್ರಕಟವಾದುದರಿಂದ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ದುರಂತದ ಬಳಿಕ ವಿಲ್ಸ್ ಕೆಲವು ವರ್ಷ ಅದೇ ನೆಲೆಯನ್ನು ನಡೆಸಲು ಯತ್ನಿಸಿದರು. ನಿದ್ರಾಹೀನತೆ ಅವರನ್ನು ಕಾಡಿತು. ಮೊದಲೇ ಇದ್ದ ಕುಡಿತದ ಅಭ್ಯಾಸ ಬಲವಾಯಿತು. ಇಂಗ್ಲೆಂಡಿನ ಮೊತ್ತಮೊದಲ ಕ್ರಿಕೆಟ್ ತಂಡ 1861–62ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದಾಗ ಅದರ ವಿರುದ್ಧ ಆಡುವ ಅವಕಾಶವೂ ತಪ್ಪಿತು. 1864ರಲ್ಲಿ ಅವರು ವಿಕ್ಟೋರಿಯಕ್ಕೆ ಮರಳಿದರು. ಜೀಲಾಂಗ್ ಮತ್ತು ಮೆಲ್ಬರ್ನ್ ಕ್ಲಬ್ಬುಗಳ ಪರವಾಗಿ ಫುಟ್‌ಬಾಲ್ ಆಟವನ್ನು ಮತ್ತೆ ಕೈಗೊಂಡರು.

ಮೂಲನಿವಾಸಿಗಳ ಕ್ರಿಕೆಟ್ ತಂಡ

ವಿಕ್ಟೋರಿಯದ ಪಶ್ಚಿಮ ಭಾಗದ ಕುರಿ ಸಾಕಣೆಯ ನೆಲೆಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿ ಯುವಕರು ಕ್ರಿಕೆಟ್ ಕಲಿತು ಚೆನ್ನಾಗಿ ಆಡುತ್ತಿದ್ದರು. 1866ರ ಕೊನೆಯಲ್ಲಿ ಅವರಿಗೆ ತರಬೇತಿ ನೀಡಲು ವಿಲ್ಸ್ ಅವರನ್ನು ನೇಮಿಸಲಾಯಿತು. ಎಡೆನ್‌ಹೋಪ್ ಊರಿನ ಕೆರೆಯ ಬಳಿ ಅಭ್ಯಾಸ ನಡೆಯಿತು. ಬಾಲ್ಯದಲ್ಲಿ ಕಲಿತ ಜಾಬ್ ವುರುಂಗ್ ಭಾಷೆ ಆ ಆಟಗಾರರ ಭಾಷೆಗೆ ಹತ್ತಿರದ ನಂಟಿನದಾದ್ದರಿಂದ ಸಂವಹನಕ್ಕೆ ಅನುಕೂಲವಾಯಿತೆಂದು ಭಾವಿಸಲಾಗಿದೆ. ತಂದೆ ಹತರಾಗಿ ಐದು ವರ್ಷಗಳಷ್ಟೇ ಕಳೆದಿದ್ದಾಗ ವಿಲ್ಸ್ ಈ ಕೆಲಸವನ್ನು ಏಕೆ ಒಪ್ಪಿಕೊಂಡರೆಂಬುದಕ್ಕೆ ಹಣದ ಅಗತ್ಯ, ಆಟದ ಮೇಲಿನ ಮೋಹ, ಬಾಲ್ಯದ ಒಡನಾಟ ಹೀಗೆ ಬೇರೆ ಬೇರೆ ಕಾರಣಗಳನ್ನು ಊಹಿಸಲಾಗಿದೆ.

1866ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಮರುದಿನ, ಈ ತಂಡ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬನ್ನು ಎದುರಿಸಿತು. ಸುಮಾರು ಹತ್ತು ಸಾವಿರ ಪ್ರೇಕ್ಷಕರು ನೆರೆದಿದ್ದರು. ಮೂಲನಿವಾಸಿಗಳ ತಂಡ ಸೋತರೂ ಉನಾರಿಮಿನ್ ಎಂಬ ಮೂಲ ಹೆಸರಿನ ಜಾನಿ ಮುಲ್ಲಾ ಅವರ ಆಟ ಜನಮನ ಗೆದ್ದಿತು. ಮರುವರ್ಷದ ಸಿಡ್ನಿ ಪ್ರವಾಸ ಮಾತ್ರ ಸಂಕಟದಲ್ಲಿ ಕೊನೆಗೊಂಡಿತು. ಪ್ರವಾಸದ ವ್ಯವಸ್ಥಾಪಕನು ಹಣದ ವಿಷಯದಲ್ಲಿ ಮೋಸ ಮಾಡಿದ್ದರಿಂದ ತಂಡ ನಡುದಾರಿಯಲ್ಲಿ ನಿಂತಿತು. ಕೆಲವು ಆಟಗಾರರು ಕಾಯಿಲೆಯಿಂದ ಮೃತಪಟ್ಟರು. ಉಳಿದವರಲ್ಲಿ ಹಲವರನ್ನು ಕೂಡಿಸಿಕೊಂಡು ಚಾರ್ಲ್ಸ್ ಲಾರೆನ್ಸ್ 1868ರಲ್ಲಿ ಇಂಗ್ಲೆಂಡಿಗೆ ತಂಡವನ್ನು ಕರೆದೊಯ್ದರು. ವಿದೇಶ ಪ್ರವಾಸ ಮಾಡಿದ ಆಸ್ಟ್ರೇಲಿಯಾದ ಮೊದಲ ಕ್ರಿಕೆಟ್ ತಂಡ ಅದೇ. 47 ಪಂದ್ಯಗಳಲ್ಲಿ 14 ಗೆದ್ದು, 14 ಸೋತು, 19 ಪಂದ್ಯಗಳನ್ನು ಸಮ ಮಾಡಿಕೊಂಡಿತು. ವಿಲ್ಸ್ ಅವರಿಗೆ ಅದರಲ್ಲಿ ಸ್ಥಾನವಿರಲಿಲ್ಲ.

ಜಾನಿ ಮುಲ್ಲಾ ಅವರ ಹೆಸರಿನ ಪದಕವನ್ನು 2020ರಿಂದ ಮೆಲ್ಬರ್ನಿನ ಬಾಕ್ಸಿಂಗ್ ಡೇ ಟೆಸ್ಟ್ ಪಂದ್ಯದ ಶ್ರೇಷ್ಠ ಆಟಗಾರನಿಗೆ ನೀಡಲಾಗುತ್ತಿದೆ. ಅದನ್ನು ಮೊದಲು ಪಡೆದವರು ಆ ಪಂದ್ಯದಲ್ಲಿ ಭಾರತ ತಂಡದ ನಾಯಕರಾಗಿದ್ದ ಅಜಿಂಕ್ಯ ರಹಾನೆ.

ಕೊನೆಯ ವರ್ಷಗಳು

1868ರಲ್ಲಿ ವಿಲ್ಸ್ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳ ಪಡೆಯುವ ಆಟಗಾರರಾಗಿ ಸೇರಿದರು. ಒಂದು ಕಾಲದಲ್ಲಿ ಕಾರ್ಯದರ್ಶಿಯಾಗಿದ್ದ ಕ್ಲಬ್ಬಿನಲ್ಲಿಯೇ ನೌಕರನಾಗುವುದು ಅಂದಿನ ಸಮಾಜದ ದೃಷ್ಟಿಯಲ್ಲಿ ಕೆಳಗಿಳಿದಂತೆ. ಅವರ ಬೌಲಿಂಗ್ ಎಸೆತವೇ ಹೊರತು ನ್ಯಾಯವಾದ ಬೌಲಿಂಗ್ ಅಲ್ಲವೆಂಬ ಆಕ್ಷೇಪ ಬೆಳೆಯಿತು. 1872ರಲ್ಲಿ ಈ ಕಾರಣಕ್ಕಾಗಿ ಅವರ ಚೆಂಡನ್ನು ನೋಬಾಲ್ ಎಂದು ಸಾರಲಾಯಿತು. ಹಳೆಯ ಗೆಳೆಯ ಹ್ಯಾಮರ್ಸ್ಲಿಯೇ ಪತ್ರಿಕೆಯಲ್ಲಿ ಅವರ ಕಟು ಟೀಕಾಕಾರರಾದರು. 1874ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗಣಿ ಪಟ್ಟಣ ಕಡಿನಾದ ತಂಡಕ್ಕೆ ತರಬೇತಿ ನೀಡಿ, ಡಬ್ಲ್ಯು. ಜಿ. ಗ್ರೇಸ್ ಅವರ ಇಂಗ್ಲಿಷ್ ತಂಡದ ವಿರುದ್ಧ ಆಡಿದರು.

ವಿಲ್ಸ್ ಅವರು ಸಾರಾ ಬಾರ್ಬರ್ ಎಂಬವರೊಂದಿಗೆ ವಿವಾಹಬಂಧನವಿಲ್ಲದೆ ಬಹುಕಾಲ ಬಾಳಿದರು. ಸಾಲಗಾರರ ಕಾಟ ಹೆಚ್ಚಿದಂತೆ ಆಸ್ತಿ ಕರಗಿತು, ಕುಟುಂಬದವರು ದೂರವಾದರು. 1877ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ಆಟವು ಸಾವಿರಾರು ಪ್ರೇಕ್ಷಕರನ್ನು ಸೆಳೆಯತೊಡಗಿದ ಹೊತ್ತಿಗೆ ಅದನ್ನು ಹುಟ್ಟುಹಾಕಿದವರು ಜನರ ನೆನಪಿನಿಂದ ಸರಿಯತೊಡಗಿದ್ದರು. ಕೊನೆಗೆ ಮೆಲ್ಬರ್ನ್ ಹೊರವಲಯದ ಹೈಡೆಲ್‌ಬರ್ಗ್ ಎಂಬ ಹಳ್ಳಿಯಲ್ಲಿ ನೆಲೆಸಿದರು.

1880ರ ಏಪ್ರಿಲ್ ಕೊನೆಗೆ ಮದ್ಯ ದೊರೆಯದೆ ಹೋದಾಗ ಅವರಿಗೆ ತೀವ್ರವಾದ ಮತಿಭ್ರಮಣೆ ಉಂಟಾಯಿತು. ಮೇ 1ರಂದು ಆಸ್ಪತ್ರೆಗೆ ಸೇರಿಸಿದರೂ ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದರು. ಮರುದಿನ ಅದೇ ಸ್ಥಿತಿಯಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 44 ವರ್ಷ. ಹೈಡೆಲ್‌ಬರ್ಗ್‌ನ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ನೂರು ವರ್ಷಗಳ ಕಾಲ ಅದರ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಇಂದಿನ ವೈದ್ಯಕೀಯ ದೃಷ್ಟಿಯಿಂದ ಅವರ ಬಾಳನ್ನು ಪರಿಶೀಲಿಸಿದವರು, ಕಲಿನ್-ಲಾ-ರಿಂಗೊ ಘಟನೆ ಅವರ ಮನಸ್ಸಿನ ಮೇಲೆ ಮಾಡಿದ ಆಘಾತವು ಮಾಯಲೇ ಇಲ್ಲವೆಂದು ಅಭಿಪ್ರಾಯಪಟ್ಟಿದ್ದಾರೆ.

ಮಾರ್ನ್‌ಗ್ರೂಕ್ ಚರ್ಚೆ

ವಿಕ್ಟೋರಿಯದ ಮೂಲನಿವಾಸಿಗಳು ಪಾಸಮ್ ಎಂಬ ಪ್ರಾಣಿಯ ಚರ್ಮದಿಂದ ಮಾಡಿದ ಚೆಂಡನ್ನು ಎತ್ತರಕ್ಕೆ ಒದ್ದು, ನೆಗೆದು ಹಿಡಿಯುವ ಆಟವನ್ನು ಆಡುತ್ತಿದ್ದರು. ಇದನ್ನು ಮಾರ್ನ್‌ಗ್ರೂಕ್ ಎಂದು ಕರೆಯಲಾಗುತ್ತದೆ. ಬಾಲ್ಯದಲ್ಲಿ ಜಾಬ್ ವುರುಂಗ್ ಮಕ್ಕಳೊಂದಿಗೆ ಆಡಿದ ವಿಲ್ಸ್ ಈ ಆಟದಿಂದ ಸ್ಫೂರ್ತಿ ಪಡೆದಿರಬೇಕೆಂದು ಜಿಮ್ ಪೌಲ್ಟರ್, ಮಾರ್ಟಿನ್ ಫ್ಲ್ಯಾನಗನ್ ಮೊದಲಾದ ಲೇಖಕರು ವಾದಿಸಿದ್ದಾರೆ. ಗಿಲಿಯನ್ ಹಿಬ್ಬಿನ್ಸ್ ಮೊದಲಾದ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ವಿಲ್ಸ್ ಅವರ ಪತ್ರಗಳಲ್ಲಾಗಲೀ 1859ರ ಸಮಿತಿಗೆ ಸಂಬಂಧಿಸಿದ ಬರಹಗಳಲ್ಲಾಗಲೀ ಮೂಲನಿವಾಸಿಗಳ ಆಟದ ಉಲ್ಲೇಖವಿಲ್ಲ. ಮೊದಲ ನಿಯಮಗಳಿಗೆಲ್ಲ ಇಂಗ್ಲಿಷ್ ಶಾಲೆಗಳ ನಿಯಮಗಳಲ್ಲಿ ಮೂಲ ಕಾಣಸಿಗುತ್ತದೆ ಎಂಬುದು ಅವರ ವಾದ. ದಾಖಲೆಗಳೆಲ್ಲ ಬಿಳಿಯರು ಬರೆದವಾದ್ದರಿಂದ ಅವುಗಳ ಮೌನವನ್ನೇ ತೀರ್ಪೆಂದು ತಿಳಿಯಲಾಗದು ಎಂಬುದು ಇನ್ನೊಂದು ಪಕ್ಷದ ಉತ್ತರ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ 2019ರಲ್ಲಿ ಆಟದ ಮೂಲದಲ್ಲಿ ಮೂಲನಿವಾಸಿಗಳ ಪಾತ್ರವನ್ನು ಮನ್ನಿಸುವ ಹೇಳಿಕೆ ನೀಡಿದ ಬಳಿಕವೂ ವಿದ್ವಾಂಸರ ಚರ್ಚೆ ಮುಂದುವರಿದಿದೆ.

ಸ್ಮರಣೆ

1980ರಲ್ಲಿ, ನಿಧನದ ಶತಮಾನದ ಸಂದರ್ಭದಲ್ಲಿ, ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ವಿಲ್ಸ್ ಅವರ ಸಮಾಧಿಗೆ ಕಲ್ಲನ್ನು ನೆಡಿಸಿತು. 1996ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಆರಂಭವಾದಾಗ ಮೊದಲ ಪಟ್ಟಿಯಲ್ಲಿಯೇ ಅವರ ಹೆಸರು ಸೇರಿತು. ಆಟದ 150ನೆಯ ವರ್ಷವನ್ನು ಆಚರಿಸಿದ 2008ರ ಲೀಗ್ ಋತುವಿನ 19ನೆಯ ಸುತ್ತಿಗೆ ಟಾಮ್ ವಿಲ್ಸ್ ಸುತ್ತು ಎಂದು ಹೆಸರಿಡಲಾಯಿತು. ಅದೇ ವರ್ಷ ಮನೋವೈದ್ಯ ಗ್ರೆಗ್ ಡಿ ಮೂರ್ ಬರೆದ ವಿಸ್ತಾರವಾದ ಜೀವನಚರಿತ್ರೆ ಪ್ರಕಟವಾಗಿ, ಹ್ಯಾರಿಸನ್ ಅವರ ಹೆಸರಿನ ಹಿಂದೆ ಮರೆಯಾಗಿದ್ದ ವಿಲ್ಸ್ ಅವರನ್ನು ಮತ್ತೆ ಓದುಗರ ಮುಂದೆ ನಿಲ್ಲಿಸಿತು.

ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಶಿಲ್ಪಿ ಲೂಯಿಸ್ ಲೌಮನ್ ರಚಿಸಿದ ಕಂಚಿನ ಪ್ರತಿಮೆಯಿದೆ. ಅದರಲ್ಲಿ ವಿಲ್ಸ್ 1858ರ ಶಾಲಾ ಪಂದ್ಯದ ತೀರ್ಪುಗಾರರಾಗಿ, ಚೆಂಡಿಗಾಗಿ ಸೆಣಸುವ ಇಬ್ಬರು ಹುಡುಗರ ಪಕ್ಕದಲ್ಲಿ ನಿಂತಿದ್ದಾರೆ. ಕಲಿನ್-ಲಾ-ರಿಂಗೊದಲ್ಲಿ ಹತರಾದ ವಲಸಿಗರ ಸಮಾಧಿಗಳು ಸ್ಪ್ರಿಂಗ್‌ಶೂರ್ ಬಳಿ ಇಂದಿಗೂ ಉಳಿದಿವೆ. ಪ್ರತೀಕಾರದಲ್ಲಿ ಸತ್ತ ಗಯಿರಿಗಳ ಹೆಸರುಗಳು ಯಾವ ದಾಖಲೆಯಲ್ಲಿಯೂ ಪಟ್ಟಿಯಾಗಿಲ್ಲ.